ಕೆಂಪು ಹುಡುಕಬೇಡಿ, ಬಾಲ ಹುಡುಕಿ: ಕಾಡಿನಲ್ಲಿ ಕಾಕರಣೆ ಹಕ್ಕಿ ಕಾಣುವ ಬಗೆ

ಗಣೇಶಗುಡಿ ಹತ್ತಿರದ ಕಾಡುದಾರಿ, ಬೆಳಗಿನ ಏಳೂವರೆ ಹೊತ್ತು. ಮುಂದೆ ಹೋಗುತ್ತಿದ್ದ ಗೈಡ್ ಥಟ್ಟನೆ ನಿಂತರು. ಕೈ ಎತ್ತಲಿಲ್ಲ. ಗದ್ದವನ್ನಷ್ಟೇ ಬಲಕ್ಕೆ ತಿರುಗಿಸಿ ಪಿಸುಗುಟ್ಟಿದರು: "ಟ್ರೋಗನ್ ಐತ್ರಿ ಸರ್, ಗಂಡು." ನಾನು ಬೈನಾಕ್ಯುಲರ್ ಎತ್ತಿದೆ. ಎಲೆ ಕಂಡಿತು. ಬಳ್ಳಿ ಕಂಡಿತು. ಮತ್ತೆ ಎಲೆ. ಹೊಟ್ಟೆಯೆಲ್ಲ ರಕ್ತಗೆಂಪು ಇರುವ, ಒಂದಡಿ ಉದ್ದದ ಹಕ್ಕಿ ಇಪ್ಪತ್ತು ಹೆಜ್ಜೆ ಆಚೆ ಕೂತಿದೆಯಂತೆ, ನನಗೆ ಮಾತ್ರ ಕಾಣುತ್ತಿಲ್ಲ. ನಾಲ್ಕೈದು ನಿಮಿಷ ಹೀಗೇ ಹೋಯಿತು. ಕೊನೆಗೆ ಅವರೇ ಸೋತು ಹೇಳಿದರು: "ಕೆಂಪು ಹುಡಕಬ್ಯಾಡ್ರಿ ಸರ್. ಬಾಲ ಹುಡಕ್ರಿ. ನೆಟ್ಟಗ ಕೆಳಗ ಬಿಟ್ಟಿರ್ತದ."

ಹತ್ತು ಸೆಕೆಂಡಿನಲ್ಲಿ ಹಕ್ಕಿ ಸಿಕ್ಕಿತು.

ಅಷ್ಟು ಸಣ್ಣ ಮಾತು ಅಷ್ಟು ಬೇಗ ಕೆಲಸ ಮಾಡಿದ್ದು ಹೇಗೆ ಅಂತ ಆಮೇಲೆ ತುಂಬ ದಿನ ತಲೆ ಕೆಡಿಸಿಕೊಂಡಿದ್ದೇನೆ. ಅದರ ಹಿಂದೆ ಬೆಳಕಿನ ಲೆಕ್ಕ ಇದೆ, ನಮ್ಮ ಕಣ್ಣಿನ ಲೆಕ್ಕ ಇದೆ, ಆ ಹಕ್ಕಿಯ ಬಡಕಲು ಕಾಲಿನ ಲೆಕ್ಕವೂ ಇದೆ.

ಮೊದಲು ಹಕ್ಕಿಯ ಪರಿಚಯ. ಕನ್ನಡದಲ್ಲಿ ಕಾಕರಣೆ ಹಕ್ಕಿ. ಕಾಡಿನಲ್ಲಿ ಗೈಡುಗಳ ಬಾಯಲ್ಲಿ ಬರುವುದು ಮಾತ್ರ ಮಲಬಾರ್ ಟ್ರೋಗನ್, ಅಥವಾ ಬರೀ ಟ್ರೋಗನ್. ಮಲಯಾಳಿಗಳು ತೀಕ್ಕಾಕ್ಕ ಅನ್ನುತ್ತಾರೆ, ಅಂದರೆ ಬೆಂಕಿ ಕಾಗೆ. ವೈಜ್ಞಾನಿಕ ಹೆಸರು ಹಾರ್ಪ್ಯಾಕ್ಟಿಸ್ ಫ್ಯಾಸಿಯೇಟಸ್. ಉದ್ದ ಸುಮಾರು 31 ಸೆಂಟಿಮೀಟರ್, ಅದರಲ್ಲಿ ಬಾಲದ್ದೇ ದೊಡ್ಡ ಪಾಲು. ಪಶ್ಚಿಮ ಘಟ್ಟದ ಉದ್ದಕ್ಕೂ ಗುಜರಾತಿನ ಡಾಂಗ್ಸ್ ಕಾಡಿನವರೆಗೆ ಇದೆ. ಮಧ್ಯ ಭಾರತದ ಕೆಲವು ಗುಡ್ಡಗಳಲ್ಲಿ, ಪೂರ್ವ ಘಟ್ಟದಲ್ಲಿ, ಶ್ರೀಲಂಕಾದಲ್ಲಿಯೂ ಇದೆ. ಟ್ರೋಗನ್ ಕುಟುಂಬದಲ್ಲಿ ಜಗತ್ತಿನಾದ್ಯಂತ ನಲವತ್ತಕ್ಕೂ ಹೆಚ್ಚು ಜಾತಿಗಳಿವೆ. ಮಧ್ಯ ಅಮೆರಿಕದ ಪ್ರಸಿದ್ಧ ಕ್ವೆಟ್ಸಾಲ್ ಕೂಡ ಇದೇ ಮನೆತನದ್ದು. ಭಾರತದಲ್ಲಿ ಮೂರು ಜಾತಿ. ಉಳಿದೆರಡು ಹಿಮಾಲಯ ಮತ್ತು ಈಶಾನ್ಯದ ಕಡೆಯವು. ಹಾಗಾಗಿ ಕರ್ನಾಟಕದಲ್ಲಿ ಟ್ರೋಗನ್ ಕಂಡರೆ ಯಾವ ಜಾತಿ ಅಂತ ತಲೆಕೆರೆದುಕೊಳ್ಳಬೇಕಿಲ್ಲ. ಕಷ್ಟ ಇರುವುದು ಗುರುತು ಹಿಡಿಯುವುದರಲ್ಲಿ ಅಲ್ಲ, ಕಾಣುವುದರಲ್ಲಿ.

ಕೆಂಪು ಎಲ್ಲಿ ಹೋಗುತ್ತದೆ?

ಮನೆಯಲ್ಲಿ ಕೆಂಪು ದಾಸವಾಳದ ಗಿಡ ಇದ್ದರೆ ಒಂದು ಸಂಜೆ ಅದರ ಮುಂದೆ ಕುಳಿತುಕೊಳ್ಳಿ. ಲೈಟು ಹಾಕಬೇಡಿ. ಐದೂವರೆಗೆ ಹೂವು ಎಲೆಗಿಂತ ಎದ್ದು ಕಾಣುತ್ತದೆ. ಹೊತ್ತು ಮುಳುಗಿ ಕತ್ತಲು ಕವಿಯುತ್ತಾ ಬಂದಂತೆ ಆಟ ಉಲ್ಟಾ ಆಗುತ್ತದೆ. ಹೂವು ಕಪ್ಪಾಗುತ್ತದೆ, ಎಲೆ ಮಾತ್ರ ಇನ್ನೂ ಸ್ವಲ್ಪ ಹೊತ್ತು ಮಸುಕಾಗಿ ಬೆಳ್ಳಗೆ ಕಾಣುತ್ತಿರುತ್ತದೆ. 1819ರ ಸುಮಾರಿಗೆ ಯಾನ್ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನೇ ಹೂಗಳನ್ನು ನೋಡುತ್ತಾ ಗಮನಿಸಿದ. ನಮ್ಮ ಕಣ್ಣಿನಲ್ಲಿ ಹಗಲಿಗೆ ಕೆಲಸ ಮಾಡುವ ಕೋಶಗಳು ಬೇರೆ, ಮಬ್ಬಿಗೆ ಕೆಲಸ ಮಾಡುವವು ಬೇರೆ. ಮಬ್ಬಿನ ಕೋಶಗಳಿಗೆ ಕೆಂಪು ಹೆಚ್ಚುಕಡಿಮೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಬೆಳಕು ಕಡಿಮೆಯಾದಾಗ ಎಲ್ಲಕ್ಕಿಂತ ಮೊದಲು ಸೋಲುವುದು ಕೆಂಪು.

ಕಾಡಿನೊಳಗೆ ಬೆಳಗಿನ ಆರೂವರೆ ಅಂದರೆ ಹೆಚ್ಚುಕಡಿಮೆ ಅದೇ ದಾಸವಾಳದ ಸಂಜೆ.

ಆದರೆ ಹತ್ತು ಗಂಟೆಗೂ ಕಾಕರಣೆ ಕಾಣುವುದಿಲ್ಲವಲ್ಲ? ಅಲ್ಲಿ ಎರಡನೇ ಕಾರಣ ಬರುತ್ತದೆ. ಕೆಂಪು ವಸ್ತು ತಾನೇನೂ ಹೊಳೆಯುವುದಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪಿನ ಪಾಲನ್ನು ವಾಪಸ್ ಕಳಿಸುತ್ತದೆ, ಉಳಿದದ್ದನ್ನು ನುಂಗುತ್ತದೆ. ಬಿದ್ದ ಬೆಳಕಿನಲ್ಲೇ ಕೆಂಪು ಇಲ್ಲದಿದ್ದರೆ ಕಳಿಸುವುದು ಏನನ್ನು? ನಿತ್ಯಹಸಿರು ಕಾಡಿನಲ್ಲಿ ಆಗುವುದೇ ಇದು. ಮೇಲೆ ಮರದ ನೆತ್ತಿಯಲ್ಲಿರುವ ಎಲೆಗಳು ಸೂರ್ಯನ ಬೆಳಕಿನ ಕೆಂಪನ್ನೂ ನೀಲಿಯನ್ನೂ ತಮ್ಮ ಅಡುಗೆಗೆ ಹೀರಿಕೊಳ್ಳುತ್ತವೆ. ಒಂದು ಎಲೆ ದಾಟಿ, ಇನ್ನೊಂದು ದಾಟಿ ಕೆಳಗೆ ಇಳಿಯುವ ಬೆಳಕು ಹಸಿರು ಮಿಶ್ರಿತ ಹಳದಿ. ಆ ಬೆಳಕಿನಲ್ಲಿ ಕಾಕರಣೆಯ ಹೊಟ್ಟೆ ಕಂದು ಮಣ್ಣಿನ ಬಣ್ಣಕ್ಕೆ ತಿರುಗಿಬಿಡುತ್ತದೆ. ಎಲೆಗಳ ಸಂದಿಯಿಂದ ಒಂದು ಬಿಸಿಲಕೋಲು ನೇರವಾಗಿ ಅದರ ಎದೆಗೆ ಬಿದ್ದರೆ ಮಾತ್ರ ಬೆಂಕಿ ಹತ್ತಿದಂತೆ ಉರಿಯುತ್ತದೆ. ಫೋಟೋಗಳಲ್ಲಿ ನೀವು ನೋಡುವುದು ಬಹುಪಾಲು ಆ ಕ್ಷಣವನ್ನೇ. ಫೋಟೋ ನೋಡಿ ಕಾಡಿಗೆ ಹೋದವರಿಗೆ ನಿರಾಸೆಯಾಗುವುದು ಇದಕ್ಕೇ.

ಸತ್ತ ಮೇಲೂ ಈ ಬಣ್ಣ ಉಳಿಯುವುದಿಲ್ಲ. ಮ್ಯೂಸಿಯಂಗಳಲ್ಲಿ ಬೆಳಕಿಗೆ ಇಟ್ಟ ಟ್ರೋಗನ್‌ಗಳ ಹೊಟ್ಟೆ ವರ್ಷ ಕಳೆದಂತೆ ಬಿಳಿಚಿಕೊಳ್ಳುತ್ತದೆ. ಚರ್ಮವೂ ಒದ್ದೆ ಕಾಗದದಷ್ಟು ತೆಳು, ಮುಟ್ಟಿದರೆ ಹರಿಯುತ್ತದೆ ಅಂತ ಹಳೇ ಕಾಲದ ಸಂಗ್ರಹಕಾರರು ಗೊಣಗುತ್ತಿದ್ದರು.

ಬೆನ್ನು ತಿರುಗಿಸಿ ಕೂರುವ ಹಕ್ಕಿ

ಕೆಂಪು ಇರುವುದು ಮುಂದೆ ಮಾತ್ರ, ಹಿಂದೆ ಇಲ್ಲ. ಬೆನ್ನು ಒಣಗಿದ ಎಲೆಯ ಕಂದು. ಕಾಕರಣೆಗೆ ನೀವು ಬಂದದ್ದು ಗೊತ್ತಾದರೆ ಬಹಳ ಸಲ ಹಾರಿಹೋಗುವುದಿಲ್ಲ, ಬೆನ್ನು ನಿಮ್ಮ ಕಡೆ ಇರುವಂತೆ ಸುಮ್ಮನೆ ಕೂತಿರುತ್ತದೆ. ಕತ್ತನ್ನು ಮಾತ್ರ ಗೂಬೆಯ ಹಾಗೆ ಪೂರ್ತಿ ಹಿಂದಕ್ಕೆ ತಿರುಗಿಸಿ ನಿಮ್ಮನ್ನು ನೋಡುತ್ತದೆ. ನಾಚಿಕೆ ಅಂತ ಕೆಲವರು ಹೇಳುತ್ತಾರೆ. ನನಗೇನೋ ಅದು ಒಳ್ಳೆ ಲೆಕ್ಕಾಚಾರದ ಹಾಗೆ ಕಾಣುತ್ತದೆ.

ಇಲ್ಲಿ ಒಂದು ತಪ್ಪನ್ನು ನಾನು ಬಹಳ ಸಲ ಮಾಡಿದ್ದೇನೆ. ಬೆನ್ನು ಕಂಡಿತು, ಇನ್ನೇನು ತಿರುಗುತ್ತದೆ ಅಂತ ಕ್ಯಾಮೆರಾ ಹಿಡಿದು ಕಾಯುವುದು. ಅದು ತಿರುಗುವುದಿಲ್ಲ. ಕಾಲಿನ ಬಲದಿಂದ ತಿರುಗಲು ಆಗುವುದೇ ಇಲ್ಲ. ಟ್ರೋಗನ್‌ಗಳ ಕಾಲು ಅಷ್ಟು ಗಿಡ್ಡ, ಅಷ್ಟು ದುರ್ಬಲ. ಕಾಲಿನ ಸ್ನಾಯು ದೇಹದ ತೂಕದ ಸುಮಾರು ಶೇಕಡಾ 3 ಮಾತ್ರ. ಹಕ್ಕಿಗಳಲ್ಲಿ ತಿಳಿದಿರುವ ಮಟ್ಟಿಗೆ ಇದು ತೀರಾ ಕಡಿಮೆ. ನಡೆಯುವುದು ಬರುವುದಿಲ್ಲ. ಕೊಂಬೆಯ ಮೇಲೆ ಕೂತಲ್ಲೇ ಹಿಂದೆ ತಿರುಗಬೇಕಾದರೂ ರೆಕ್ಕೆ ಬಡಿಯಬೇಕು. ಬೆರಳುಗಳೂ ವಿಚಿತ್ರ. ಮರಕುಟಿಗನಿಗೂ ಎರಡು ಬೆರಳು ಮುಂದೆ, ಎರಡು ಹಿಂದೆ, ಆದರೆ ಅದರಲ್ಲಿ ಹಿಂದಕ್ಕೆ ಹೋಗಿರುವುದು ಒಂದನೆಯ ಮತ್ತು ನಾಲ್ಕನೆಯ ಬೆರಳು. ಟ್ರೋಗನ್‌ಗೆ ಒಂದನೆಯದು ಮತ್ತು ಎರಡನೆಯದು. ಬೇರೆ ಯಾವ ಹಕ್ಕಿಗೂ ಈ ಜೋಡಣೆ ಇಲ್ಲ.

ಇದರಿಂದ ನಮಗೆ ಸಿಗುವ ಪಾಠ ಸರಳ: ಬೆನ್ನು ಕಂಡರೆ ಕಾಯಬೇಕಾದದ್ದು ಅದು ತಿರುಗಲಿ ಅಂತಲ್ಲ, ಹಾರಲಿ ಅಂತ. ಅದು ಹುಳ ಹಿಡಿಯುವುದೇ ಕೂತಲ್ಲಿಂದ ಹಾರಿ. ಎಲೆಯ ಮೇಲಿನ ಕಂಬಳಿಹುಳವನ್ನೋ ಕಡ್ಡಿಹುಳುವನ್ನೋ ಗಾಳಿಯಲ್ಲೇ ಕಿತ್ತುಕೊಂಡು ಇನ್ನೊಂದು ಕೊಂಬೆಗೆ ಹೋಗಿ ಕೂರುತ್ತದೆ. ಆ ಹೊಸ ಕೊಂಬೆಯಲ್ಲಿ ಎದೆ ನಿಮ್ಮ ಕಡೆ ಇರಬಹುದು. ಅದೃಷ್ಟ.

ಆಕಾರ ಕಣ್ಣಿಗೆ ಕೂರಬೇಕು

ಈಗ ಗೈಡ್ ಹೇಳಿದ ಬಾಲಕ್ಕೆ ಬರೋಣ. ಬಣ್ಣ ಕೈಕೊಟ್ಟರೂ ಆಕಾರ ಕೈಕೊಡುವುದಿಲ್ಲ. ಕಾಕರಣೆ ಕೂರುವ ರೀತಿ ಬೇರೆ. ಮೈ ನೆಟ್ಟಗೆ, ಕತ್ತು ಇಲ್ಲವೇ ಇಲ್ಲ ಅನ್ನುವಂತೆ ತಲೆ ಭುಜಕ್ಕೆ ಕುಸಿದಿರುತ್ತದೆ. ಕಾಲು ಗರಿಗಳಲ್ಲಿ ಮುಚ್ಚಿಹೋಗಿರುತ್ತದೆ. ಬಾಲ ತೂಗುಹಾಕಿದ ಅಡಿಪಟ್ಟಿಯ ಹಾಗೆ ನೇರ ಕೆಳಕ್ಕೆ. ಬಾಲದ ತುದಿ ಚೂಪಲ್ಲ, ಕವಲೂ ಅಲ್ಲ. ಕತ್ತರಿಯಿಂದ ಅಡ್ಡಕ್ಕೆ ಕತ್ತರಿಸಿದಂತೆ ಚೌಕ. ಕಾಡಿನಲ್ಲಿ ಬಳ್ಳಿಗಳು ಓರೆಯಾಗಿ ಹೋಗುತ್ತವೆ, ಕೊಂಬೆಗಳು ಅಡ್ಡಕ್ಕೆ. ತೂಕದ ದಾರ ಬಿಟ್ಟ ಹಾಗೆ ಒಂದು ಗೆರೆ ನೇರ ಕೆಳಕ್ಕೆ ಇಳಿದು ಥಟ್ಟನೆ ನಿಂತಿದ್ದರೆ, ಅಲ್ಲಿ ಕಣ್ಣು ನಿಲ್ಲಿಸಿ.

ಯಾವ ಎತ್ತರದಲ್ಲಿ? ಹೊಸಬರು ಮರದ ತುದಿ ನೋಡುತ್ತಾ ಕತ್ತು ನೋಯಿಸಿಕೊಳ್ಳುತ್ತಾರೆ. ಕಾಕರಣೆ ಇರುವುದು ಬಹುಮಟ್ಟಿಗೆ ನಡುಮಟ್ಟದಲ್ಲಿ. ಮನೆಯ ಮೊದಲ ಮಹಡಿಯ ಕಿಟಕಿ, ಎರಡನೇ ಮಹಡಿಯ ಕಿಟಕಿ, ಅಷ್ಟು ಎತ್ತರ. ದಟ್ಟ ಪೊದೆಯ ಒಳಗಲ್ಲ, ಪೊದೆಯ ಮೇಲೆ ಮತ್ತು ನೆತ್ತಿಯ ಕೆಳಗೆ ಇರುವ ಖಾಲಿ ಜಾಗದಲ್ಲಿ. ಎಲೆ ಕಡಿಮೆ ಇರುವ ಅಡ್ಡಕೊಂಬೆ, ಬಿದಿರಿನ ಬಾಗಿದ ಕೋಲು, ದಪ್ಪ ಬಳ್ಳಿ, ಇವು ಅದಕ್ಕೆ ಇಷ್ಟದ ಜಾಗ. ಹಾರಿ ಹುಳ ಹಿಡಿಯಲು ಮುಂದೆ ಒಂದಷ್ಟು ಬಯಲು ಬೇಕಲ್ವಾ? ಕಾಡಿನ ಕಾಲುದಾರಿ, ಹಳೆಯ ಜೀಪ್ ರಸ್ತೆ ಅಂಥ ಬಯಲನ್ನು ಒದಗಿಸುತ್ತವೆ. ಹಾಗಾಗಿ ಕಾಡಿನ ನಟ್ಟನಡುವೆ ನುಗ್ಗುವುದಕ್ಕಿಂತ ದಾರಿಯ ಅಂಚಿನಲ್ಲಿ ನಿಧಾನ ನಡೆಯುವವರಿಗೆ ಇದು ಜಾಸ್ತಿ ಸಿಗುತ್ತದೆ. ಇಂಬಳಗಳ ಕಾಟವೂ ಸ್ವಲ್ಪ ಕಡಿಮೆ.

ಸಿಕ್ಕ ಮೇಲೆ ಗಂಡೋ ಹೆಣ್ಣೋ ನೋಡಿ. ಗಂಡಿಗೆ ತಲೆ, ಎದೆ ಮಸಿಗಪ್ಪು. ಕಣ್ಣಿನ ಸುತ್ತ ನೀಲಿ ಚರ್ಮ. ಕಪ್ಪು ಎದೆಗೂ ಕೆಂಪು ಹೊಟ್ಟೆಗೂ ನಡುವೆ ಒಂದು ಬಿಳಿ ಪಟ್ಟಿ, ಕೊರಳಿನ ಹಾರದ ಹಾಗೆ. ಮಬ್ಬಿನಲ್ಲಿ ಕೆಂಪು ಸತ್ತರೂ ಈ ಬಿಳಿ ಪಟ್ಟಿ ಕಾಣುತ್ತದೆ, ಅದನ್ನು ನಂಬಿ. ರೆಕ್ಕೆಯ ಮೇಲೆ ಕಪ್ಪಿನಲ್ಲಿ ನವಿರಾದ ಬಿಳಿ ಅಲೆಗೆರೆಗಳಿವೆ. ಹೆಣ್ಣಿಗೆ ಕಪ್ಪೂ ಇಲ್ಲ, ಕೆಂಪೂ ಇಲ್ಲ. ತಲೆ, ಎದೆ ಕಂದು, ಹೊಟ್ಟೆ ಕಾವಿಮಣ್ಣಿನ ಕಡೆಗೆ ವಾಲುವ ಮಾಸಲು ಬಣ್ಣ. ಕಾಕರಣೆ ನೋಡಲು ಹೋಗಿ "ಸಿಗಲಿಲ್ಲ" ಅಂತ ವಾಪಸ್ ಬಂದವರಲ್ಲಿ ಅರ್ಧ ಜನ ಹೆಣ್ಣನ್ನು ದಾಟಿಕೊಂಡೇ ಬಂದಿರುತ್ತಾರೆ ಅನ್ನುವುದು ನನ್ನ ಅನುಮಾನ.

ಗೊಂದಲ ಆಗುವುದು ಮುಖ್ಯವಾಗಿ ಆರೆಂಜ್ ಮಿನಿವೆಟ್ ಜೊತೆ, ಮೊದಲು ಇದನ್ನು ಸ್ಕಾರ್ಲೆಟ್ ಮಿನಿವೆಟ್ ಅನ್ನುತ್ತಿದ್ದರು. ಅದರ ಗಂಡಿಗೂ ತಲೆ ಕಪ್ಪು, ಹೊಟ್ಟೆ ಕೆಂಪು. ಆದರೆ ಅದು ಚಿಕ್ಕದು, ಇರುವುದು ಮರದ ತುದಿಯಲ್ಲಿ, ಗುಂಪಿನಲ್ಲಿ, ಒಂದು ಕ್ಷಣ ಕೂತಲ್ಲಿ ಕೂರುವುದಿಲ್ಲ. ಬಿಸಿಲಿನಲ್ಲಿ ಕೆಂಪು ಹಕ್ಕಿ ಕುಣಿಯುತ್ತಿದ್ದರೆ ಮಿನಿವೆಟ್. ನೆರಳಿನಲ್ಲಿ ಕೆಂಪು ಹಕ್ಕಿ ಧ್ಯಾನಕ್ಕೆ ಕೂತಿದ್ದರೆ ಕಾಕರಣೆ.

ಕಿವಿಯ ಕೆಲಸ

ಫೆಬ್ರವರಿಯಿಂದ ಮೇವರೆಗೆ, ಮಳೆಗೆ ಮುಂಚೆ, ಕಾಕರಣೆಗಳು ಗೂಡು ಮಾಡುವ ಕಾಲ. ಆಗ ಗಂಡು ಕೂಗುತ್ತದೆ. ಕ್ಯೂ, ಕ್ಯೂ, ಕ್ಯೂ, ಕ್ಯೂ ಅಂತ ಒಂದೇ ತೂಕದ ಸ್ವರಗಳು. ಸ್ವಲ್ಪ ಮೂಗಿನಿಂದ ಬಂದಂತೆ, ಒಂದೊಂದಾಗಿ, ಅವಸರವಿಲ್ಲದೆ. ಜೋರಾದ ಕೂಗಲ್ಲ. ಕುಟ್ರು ಹಕ್ಕಿಗಳು ಕೂಗಲು ಶುರು ಮಾಡಿದರೆ ಇದು ಮುಳುಗೇಹೋಗುತ್ತದೆ. ಗಾಬರಿಯಾದಾಗ ಇನ್ನೊಂದು ದನಿ ತೆಗೆಯುತ್ತದೆ, ಗಂಟಲಲ್ಲಿ ಉರುಳುವ ಕರ್‌ರ್‌ರ್. ಅದು ಕೇಳಿಸಿದರೆ ನೀವು ಆಗಲೇ ಜಾಸ್ತಿ ಹತ್ತಿರ ಹೋಗಿದ್ದೀರಿ ಅಂತ ಅರ್ಥ.

ದನಿ ಕೇಳಿದ ಕೂಡಲೇ ಅದರ ಕಡೆಗೆ ನಡೆಯಬೇಡಿ. ಕಾಡಿನಲ್ಲಿ ದನಿ ಮರಗಳಿಗೆ ಬಡಿದು ಬರುವುದರಿಂದ ದಿಕ್ಕು ಮೋಸ ಮಾಡುತ್ತದೆ. ನಿಂತಲ್ಲೇ ಎರಡೂ ಅಂಗೈಗಳನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿಯಿರಿ. ತಲೆಯನ್ನು ನಿಧಾನವಾಗಿ ತಿರುಗಿಸುತ್ತಾ ಎರಡೂ ಕಿವಿಗೆ ದನಿ ಸಮನಾಗಿ ಕೇಳುವ ದಿಕ್ಕು ಹಿಡಿಯಿರಿ. ಆ ದಿಕ್ಕಿನಲ್ಲಿ ಒಂದು ಮರ ಗುರುತು ಮಾಡಿಕೊಳ್ಳಿ. ದಾರಿಯಲ್ಲೇ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿದು ಇನ್ನೊಮ್ಮೆ ಹೀಗೇ ಮಾಡಿ. ಎರಡು ಗೆರೆಗಳು ಕೂಡುವ ಕಡೆ ಹಕ್ಕಿ ಇದೆ. ಸರ್ವೇಯವರು ಜಮೀನು ಅಳೆಯುವಾಗ ಮಾಡುವುದೂ ಇಂಥದೇ ಕೆಲಸ. ಒಂದು ಎಚ್ಚರಿಕೆ ಬೇಕು: ಬಾಲದಲ್ಲಿ ಎರಡು ಉದ್ದ ಎಳೆ ಇರುವ ಕಪ್ಪು ಹಕ್ಕಿ ಭೀಮರಾಜ ಬೇರೆ ಹಕ್ಕಿಗಳ ದನಿ ಕದಿಯುವುದರಲ್ಲಿ ನಿಪುಣ. ಕೂಗು ಕೇಳಿದ್ದನ್ನಷ್ಟೇ ನಂಬಿ ಪಟ್ಟಿಗೆ ಸೇರಿಸಿಕೊಳ್ಳುವ ಮುಂಚೆ ಇನ್ನೊಂದು ಸಲ ಕೇಳಿ.

ಮೊಬೈಲಿನ ಮರ್ಲಿನ್ ಆ್ಯಪ್ ಕೂಗು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ. ಕಲಿಯುವವರಿಗೆ ಒಳ್ಳೆಯದೇ, ಆದರೆ ಅದು ಹೇಳುವುದು ಸಲಹೆ, ತೀರ್ಪಲ್ಲ. ಯಾವ ತಿಂಗಳು, ಯಾವ ಕಾಡು ಅಂತ ಹೊರಡುವ ಮುಂಚೆ ನೋಡಿಕೊಳ್ಳಲು ಇಬರ್ಡ್, ಅಂದರೆ ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಜಾಲತಾಣ, ಹೆಚ್ಚು ಉಪಯೋಗ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಮುತ್ತ, ಆಗುಂಬೆ, ಕುದುರೆಮುಖ, ಭದ್ರಾ, ಕೊಡಗು, ಬಿಳಿಗಿರಿರಂಗನ ಬೆಟ್ಟ ಎಲ್ಲ ಕಡೆ ಇದರ ದಾಖಲೆ ಇದೆ. ಕೇರಳದ ತಟ್ಟೆಕ್ಕಾಡ್ ಅಂತೂ ಈ ಹಕ್ಕಿಗೆ ಹೆಸರುವಾಸಿ.

ಮೆರವಣಿಗೆ ಬಂದಾಗ

ಕೂಗದ ತಿಂಗಳುಗಳಲ್ಲಿ ಏನು ಮಾಡುವುದು? ಇಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದೆ. ಕಾಕರಣೆಯನ್ನು ಮರೆತುಬಿಡಿ, ಭೀಮರಾಜನನ್ನು ಹುಡುಕಿ.

ಉಷ್ಣವಲಯದ ಕಾಡಿನಲ್ಲಿ ಅರ್ಧ ಗಂಟೆ ನಡೆದರೂ ಒಂದು ಹಕ್ಕಿಯೂ ಕಾಣದಿರಬಹುದು. ಆಮೇಲೆ ಇದ್ದಕ್ಕಿದ್ದಂತೆ ಹತ್ತು ಜಾತಿ ಒಟ್ಟಿಗೆ ಬಂದು, ಐದು ನಿಮಿಷ ಗಲಾಟೆ ಮಾಡಿ, ದಾಟಿಹೋಗುತ್ತವೆ. ಬೇರೆ ಬೇರೆ ಜಾತಿಯ ಹಕ್ಕಿಗಳು ಕೂಡಿ ಹುಳ ಹುಡುಕುತ್ತಾ ಸಾಗುವ ಗುಂಪು ಇದು. ತೊಗಟೆ ಕೆದಕುವ ಮರಕುಟಿಗ, ಎಲೆ ತಡಕುವ ಸಣ್ಣ ಹಕ್ಕಿಗಳು, ಮೇಲೆ ಮಿನಿವೆಟ್, ಕೆಳಗೆ ಹರಟೆಮಲ್ಲ. ಒಬ್ಬೊಬ್ಬರದು ಒಂದೊಂದು ಮಹಡಿ, ಜಗಳ ಕಡಿಮೆ. ಒಂದು ಎಬ್ಬಿಸಿದ ಹುಳ ಇನ್ನೊಂದರ ಬಾಯಿಗೆ. ಕಣ್ಣು ಜಾಸ್ತಿ ಇದ್ದಷ್ಟೂ ಗಿಡುಗ ಬಂದದ್ದು ಬೇಗ ಗೊತ್ತಾಗುತ್ತದೆ. ಆ ಕಾವಲಿನ ಕೆಲಸ ಬಹುಮಟ್ಟಿಗೆ ಭೀಮರಾಜನದು. ಅದೂ ಧರ್ಮಕ್ಕಲ್ಲ, ಎದ್ದ ಹುಳಗಳಲ್ಲಿ ಪಾಲು ಸಿಗುತ್ತದೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಇಂಥ ಗುಂಪುಗಳನ್ನು ವರ್ಷಗಟ್ಟಲೆ ಎಣಿಸಿದ್ದಾರೆ. ಒಂದು ಗುಂಪಿನಲ್ಲಿ ಸರಾಸರಿ 11ಕ್ಕೂ ಹೆಚ್ಚು ಜಾತಿ, ಸುಮಾರು 40 ಹಕ್ಕಿ. ಕಾಕರಣೆ ಅಲ್ಲಿನ ಗುಂಪುಗಳ ಕಾಯಂ ಸದಸ್ಯ.

ನಮ್ಮ ಘಟ್ಟದಲ್ಲೂ ಕಾಕರಣೆ ಹೀಗೆ ಗುಂಪಿನ ಹಿಂದೆ ಬರುತ್ತದೆ, ಕೊನೆಯಲ್ಲಿ, ಸದ್ದಿಲ್ಲದೆ. ಮದುವೆ ದಿಬ್ಬಣದ ಹಿಂದೆ ನಿಧಾನ ನಡೆದು ಬರುವ ಅಜ್ಜನ ಹಾಗೆ. ಹಾಗಾಗಿ ಭೀಮರಾಜನ ಲೋಹದ ಗಂಟೆಯಂಥ ದನಿ ಕೇಳಿದರೆ ನಿಂತುಬಿಡಿ. ಗುಂಪು ತಲೆಯ ಮೇಲೆ ಹೋಗಲಿ. ಎಲ್ಲರೂ ಮುಂದಿನ ಹಕ್ಕಿಗಳ ಬೆನ್ನುಹತ್ತಿ ಓಡುತ್ತಾರೆ. ನೀವು ಓಡಬೇಡಿ. ಗಲಾಟೆ ದಾಟಿದ ಮೇಲೆ ಇನ್ನೂ ಐದು ನಿಮಿಷ, ನಡುಮಟ್ಟದ ಅಡ್ಡಕೊಂಬೆಗಳ ಮೇಲೆ ಕಣ್ಣಿಟ್ಟು ನಿಲ್ಲಿ. ನನಗೆ ಕಂಡ ಕಾಕರಣೆಗಳಲ್ಲಿ ಹೆಚ್ಚಿನವು ಈ ಐದು ನಿಮಿಷದಲ್ಲಿ ಕಂಡವು.

ಬೈನಾಕ್ಯುಲರ್ ಬಗ್ಗೆ ಒಂದು ಮಾತು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದೇ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಕಾಡಿಗೆ 8×42 ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವಂಥದ್ದು, ಅದೇ ಮೇಲು. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿಗೆ ಬರುವ ಬೆಳಕಿನ ಕೊಳವೆ ಅಷ್ಟು ಮಿಲಿಮೀಟರ್ ಅಗಲ. 10×42 ಆದರೆ 4.2 ಮಾತ್ರ. ಮಬ್ಬು ಕಾಡಿನಲ್ಲಿ ಆ ಒಂದು ಮಿಲಿಮೀಟರಿನ ಬೆಲೆ ಏನು ಅಂತ ದಾಸವಾಳದ ಕತೆ ಓದಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೈ ನಡುಗುವುದೂ ಕಡಿಮೆ ಕಾಣುತ್ತದೆ.

ಕೂಗಿನ ರೆಕಾರ್ಡಿಂಗ್ ಹಾಕಿ ಹಕ್ಕಿಯನ್ನು ಹತ್ತಿರ ಕರೆಯುವವರಿದ್ದಾರೆ. ಬೇಗ ಫಲ ಸಿಗುತ್ತದೆ ನಿಜ. ಆದರೆ ಗಂಡಿಗೆ ಅದು ಮೊಬೈಲ್ ಅಂತ ಗೊತ್ತಿಲ್ಲ, ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂದಿದೆ ಅಂತ ಓಡಿ ಬರುತ್ತದೆ. ಅದು ಗೂಡಿನ ಕಾಲ. ಗಂಡು ಹೆಣ್ಣು ಎರಡೂ ಸೇರಿ ಕೊಕ್ಕಿನಿಂದ ಕೊಳೆತ ಮರದ ಬೊಡ್ಡೆ ಕೊರೆದು ಗೂಡು ಮಾಡುತ್ತವೆ. ಒಂದು ತಿಂಗಳವರೆಗೂ ಹಿಡಿಯುವ ಕೆಲಸ. ಟ್ರೋಗನ್ ಅನ್ನುವ ಗ್ರೀಕ್ ಪದಕ್ಕೆ ಅರ್ಥವೇ ಕಡಿಯುವುದು ಅಂತ. ಸಾಮಾನ್ಯವಾಗಿ ಎರಡೇ ಮೊಟ್ಟೆ, ಸರದಿಯ ಮೇಲೆ ಕಾವು. ಹಗಲಿನಲ್ಲಿ ಕಾವಿಗೆ ಕೂರಬೇಕಾದ ಗಂಡನ್ನು ಫೋಟೋಗಾಗಿ ಅರ್ಧ ಗಂಟೆ ಎಬ್ಬಿಸಿ ಓಡಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ಅದರ ಕೊಕ್ಕು ಮರಕುಟಿಗನದರಷ್ಟು ಗಟ್ಟಿಯಲ್ಲ, ಹಸಿ ಮರ ಕೊರೆಯಲು ಆಗುವುದಿಲ್ಲ. ಹಾಗಾಗಿ ಕಾಡಿನಲ್ಲಿ, ತೋಟದ ಅಂಚಿನಲ್ಲಿ, ನಿಂತಲ್ಲೇ ಸತ್ತು ಪುಡಿಯಾಗುತ್ತಿರುವ ಮರ ಕಂಡರೆ ಅದು ಬರೀ ಸೌದೆ ಅಲ್ಲ. ಅದನ್ನು ಕಡಿದು "ಸ್ವಚ್ಛ" ಮಾಡಿದ ಕಡೆ ಗೂಡಿಗೆ ಜಾಗ ಉಳಿಯುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಆಗುಂಬೆ ಕಡೆ ಹೋಗಿದ್ದೆ. ಒಂದು ಗುಂಪು ದಾಟಿಹೋಗಿ ಕಾಡು ಮತ್ತೆ ಸುಮ್ಮನಾಗಿತ್ತು. ಜೊತೆಗಿದ್ದವರು ಮುಂದೆ ಹೋಗಿದ್ದರು. ಓರೆ ಬಳ್ಳಿಗಳ ನಡುವೆ ಒಂದು ಗೆರೆ ಮಾತ್ರ ನೇರವಾಗಿತ್ತು, ಕೆಳಗೆ ಚೌಕವಾಗಿ ಮುಗಿದಿತ್ತು. ಮೇಲೆ ಒಂದು ಕಂದು ಮುದ್ದೆ. ಕೆಂಪಿನ ಸುಳಿವೂ ಇಲ್ಲ. ಆ ಮುದ್ದೆ ನಿಧಾನವಾಗಿ ಕತ್ತು ತಿರುಗಿಸಿ ನನ್ನನ್ನು ನೋಡಿತು. ಡೈರಿಯಲ್ಲಿ ಹೀಗೆ ಬರೆದುಕೊಂಡಿದ್ದೇನೆ: ಕಾಕರಣೆ, ಹೆಣ್ಣು, ಹನ್ನೊಂದು ನಿಮಿಷ, ಬೆನ್ನು ಮಾತ್ರ.